ಪಿಗ್ಮಿಯವ್ರಿಗೆ ಏನು ಹೇಳ್ಲಿ ಅಕ್ಕಾ?

ಈ ಪತ್ರ ಓದಿ ಎರಡು ದಿನ ಆಯ್ತು, ಇನ್ನೂ ಸಿಟ್ಟು ಇಳಿದಿಲ್ಲ. ಬರೆದವ್ಳ ಮೇಲಲ್ಲ, ಯಾರ ಮೇಲೆ ಅಂತ ಆಮೇಲೆ ಹೇಳ್ತೀನಿ.

ಶಿರಸಿಯವ್ಳು, 34 ವರ್ಷ, ಪೇಟೆಲಿ ಟೇಲರಿಂಗ್ ಅಂಗಡಿ. ಗಂಡಂಗೆ ಒಂದೆಕರೆ ಚಿಲ್ಲರೆ ಅಡಿಕೆ ತೋಟ, ಅದರ ಮೇಲೆ ಸೊಸೈಟಿಲಿ 2 ಲಕ್ಷ ಬೆಳೆಸಾಲ. ಅತ್ತೆ ಆಪರೇಷನ್ನಿಗೆ ಹುಬ್ಬಳ್ಳಿಗೆ ಓಡಾಡುವಾಗ (ನಮ್ಮ ಜಿಲ್ಲೆಯವ್ರಿಗೆ ಸ್ವಲ್ಪ ದೊಡ್ಡ ಕಾಯಿಲೆ ಬಂದ್ರೆ ಮೊದಲ ಖರ್ಚೇ ಗಾಡಿ ಬಾಡಿಗೆ, ಅದನ್ನ ಬರೀತಾ ಹೋದ್ರೆ ಈ ಅಂಕಣ ಮುಗಿಯಲ್ಲ) ಕ್ರೆಡಿಟ್ ಕಾರ್ಡ್ ಉಜ್ಜಿದ್ದು ಈಗ 1,40,000 ಆಗಿ ನಿಂತಿದೆ. "ಸೊಸೈಟಿ ಸಾಲ ನೆನೆಸ್ಕೊಂಡ್ರೆ ನಿದ್ದೆ ಬರಲ್ಲ ಅಕ್ಕಾ, ಕೊಳೆ ರೋಗ ಬಂದು ಅರ್ಧ ಫಸಲು ಉದುರಿಹೋಯ್ತು. ಕಾರ್ಡಿಂದು ತೊಂದ್ರೆ ಇಲ್ಲ, ತಿಂಗ್ಳಿಗೆ 7,000 ಮಿನಿಮಮ್ ಕಟ್ತಾ ಇದೀನಿ" ಅಂತ ಬರ್ದಿದಾಳೆ. ಕೊನೇಲಿ, ಸಹಿ ಹಾಕೋಕೆ ಮುಂಚೆ, ಪಿಗ್ಮಿ (ಏಜೆಂಟು ದಿನಾ ಬಾಗಿಲಿಗೇ ಬಂದು ತಗೊಂಡು ಹೋಗೋ ಸಣ್ಣ ಉಳಿತಾಯ) ಬಗ್ಗೆ ಒಂದೇ ಸಾಲು: "ಪಿಗ್ಮಿ ಮಾತ್ರ ಒಂದಿನಾನೂ ತಪ್ಪಿಸಿಲ್ಲ, ದಿನಾ 200, ಈಗ 92,000 ಆಗಿದೆ, ಅದನ್ನ ಮುಟ್ಟಿಲ್ಲ."

ಅಯ್ಯೋ ಮಾರಾಯ್ತಿ! ಪತ್ರ ಇರೋದೇ ಆ ಕೊನೇ ಸಾಲಲ್ಲಿ.

ನನಗಿಂತ ಚಿಕ್ಕವ್ಳು ನೀನು, ತಂಗಿ ಅಂತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ನಿದ್ದೆ ಕೆಡಿಸ್ತಿರೋ ಸಾಲಕ್ಕೆ ಬಡ್ಡಿನೇ ಇಲ್ಲ. ಸಹಕಾರಿ ಸಂಘದ ಬೆಳೆಸಾಲ ವಾಯಿದೆ ಒಳಗೆ ಕಟ್ಟಿದ್ರೆ ಬಡ್ಡಿ ಸೊನ್ನೆ, 3 ಲಕ್ಷ ಇದ್ದ ಮಿತಿನ 2023ರಲ್ಲಿ 5 ಲಕ್ಷಕ್ಕೆ ಏರಿಸಿದಾರೆ. ವಾಯಿದೆ ದಾಟಬಾರದು ಅಷ್ಟೇ, ಆ ತಾರೀಖನ್ನ ನಿನ್ ಗಂಡ ಮಿಷನ್ ಮೇಲಿನ ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಬರೆದಿಡ್ಲಿ.

ತೊಂದ್ರೆ ಇಲ್ಲ ಅಂದ್ಯಲ್ಲ ಕಾರ್ಡು, ಅದನ್ನ ನೋಡು ಈಗ. ತಿಂಗಳ ಬಡ್ಡಿ ನೂರಕ್ಕೆ 3.5 ಅಂತ ನೀನೇ ಬರ್ದಿದೀಯ, ಅಂದ್ರೆ ವರ್ಷಕ್ಕೆ 42, ಅದ್ರ ಮೇಲೆ 18% ಜಿಎಸ್‌ಟಿ. 1,40,000ಕ್ಕೆ ಒಂದು ತಿಂಗ್ಳಿಗೆ ಬಡ್ಡಿ 4,900, ಜಿಎಸ್‌ಟಿ 882, ಒಟ್ಟು 5,782. ನೀನು ಕಟ್ಟೋ 7,000ದಲ್ಲಿ ಅಸಲಿಗೆ ಹೋಗೋದು 1,218 ರೂಪಾಯಿ! ಮೂರು ನಾಲ್ಕು ಬ್ಲೌಸಿನ ಹೊಲಿಗೆ ಕೂಲಿ ಅಷ್ಟೇ, ಉಳಿದಿದ್ದಕ್ಕೆಲ್ಲ ನೀನು ಬ್ಯಾಂಕಿಗೆ ಹೊಲೀತಾ ಇದೀಯ. ಹಳೇ ಬಾಕಿ ಇರೋವರೆಗೆ ಹೊಸದಾಗಿ ಲೈನಿಂಗ್ ಬಟ್ಟೆ ಅಂತ ಉಜ್ಜಿದ್ರೂ ಆವತ್ತಿಂದಲೇ ಬಡ್ಡಿ, ಆ 45 ದಿನ 50 ದಿನ ಫ್ರೀ ಅನ್ನೋದು ಪೂರ್ತಿ ಬಿಲ್ ಕಟ್ಟೋರಿಗೆ ಮಾತ್ರ.

ಅದೇ ಹೊತ್ತಲ್ಲಿ ಪಿಗ್ಮಿಲಿ 92,000 ಕೂತಿದೆ, ಅದಕ್ಕೆ 4% ಅಂತೆ. ವರ್ಷ ಪೂರ್ತಿ ಇಟ್ರೆ 3,680 ಬರತ್ತೆ. ಅಷ್ಟೇ ದುಡ್ಡಿಗೆ ಕಾರ್ಡು ಒಂದೇ ತಿಂಗಳಲ್ಲಿ 3,800 ಕೀಳತ್ತೆ. ಮನೆ ಅಂಗಳದ ಬಾವಿ ಮುಚ್ಚಿಟ್ಟು ಟ್ಯಾಂಕರ್ ನೀರು ತರಿಸ್ದಂಗಾಯ್ತು.

ಈಗ ಸಿಟ್ಟಿಗೆ ಬರ್ತೀನಿ. ನೀನು ಬರ್ದಿದೀಯ: "ಮೈದುನ ಬೆಂಗಳೂರಲ್ಲಿ ಫೈನಾನ್ಸ್ ಕಂಪನಿಲಿ ಇದಾನೆ, ಕಾರ್ಡ್ ಮಾಡಿಸಿದ್ದೂ ಅವ್ನೇ, ಮಿನಿಮಮ್ ಕಟ್ತಾ ಇರಿ ಅತ್ತಿಗೆ, ಸಿಬಿಲ್‌ಗೆ ಏನೂ ಆಗಲ್ಲ ಅಂದ." ಸಿಬಿಲಲ್ಲಿ, ಅಂದ್ರೆ ನಮ್ಮ ಸಾಲದ ದಾಖಲೆಲಿ, ಲೇಟು ಅಂತ ಬೀಳಲ್ಲ, ಹೌದು, ಅಷ್ಟು ಸತ್ಯ ಹೇಳಿದಾನೆ. ಅತ್ತಿಗೆ ಕೈಯಿಂದ ತಿಂಗಳಿಗೆ ಆರು ಸಾವಿರ ಸೋರಿಹೋಗತ್ತೆ ಅನ್ನೋದನ್ನ ಯಾಕೆ ಹೇಳ್ಲಿಲ್ಲ? ಆಪರೇಷನ್ ಆದವ್ರು ಅವನಿಗೂ ತಾಯಿನೇ ಅಲ್ವಾ, ಅವ್ನು ಎಷ್ಟು ಹಾಕಿದ ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ನಿನ್ ಗಂಡ ಕೇಳ್ಬೇಕಾದ ಪ್ರಶ್ನೆ ಅದು, ನೀನಲ್ಲ.

ಪಿಗ್ಮಿ ಬಗ್ಗೆ ನನಗೇನೂ ದ್ವೇಷ ಇಲ್ಲ, ನಮ್ಮ ಕರಾವಳಿಯ ಬುದ್ಧಿವಂತಿಕೆ ಅದು, ಮುಂದೆ ಸಿಂಡಿಕೇಟ್ ಅಂತ ಹೆಸರಾದ ಉಡುಪಿ ಬ್ಯಾಂಕಿನವ್ರು 1928ರಲ್ಲಿ ಶುರು ಮಾಡಿದ್ದು. ನನ್ನ ಅಮ್ಮ ಹಾಲು ಮಾರಿದ ದುಡ್ಡಲ್ಲಿ ಪಿಗ್ಮಿ ಕಟ್ಟಿ ನನ್ನ ಫೀಸು ತುಂಬಿದವ್ಳು. ಆದ್ರೆ ನೀನು ಅದನ್ನ ಯಾಕೆ ಮುಟ್ಟಲ್ಲ ಅಂದ್ರೆ, ನೀನೇ ಬರ್ದಂಗೆ, "ಹತ್ತು ವರ್ಷದಿಂದ ದಿನಾ ಸಂಜೆ ಬರ್ತಾರೆ, ಮುರೀತೀನಿ ಅಂದ್ರೆ ಅವ್ರು ಏನಂದ್ಕೋತಾರೆ." ಏನೂ ಅಂದ್ಕೊಳ್ಳಲ್ಲ! ಪೇಟೆ ತುಂಬಾ ಎಷ್ಟು ಜನರ ಪಿಗ್ಮಿ ಮುರಿದದ್ದು ನೋಡಿರ್ತಾರೆ ಅವ್ರು. ಸಾಲ ಬದುಕೋದು ಬಡ್ಡಿ ಮೇಲಲ್ಲ, ನಾಚಿಕೆ ಮೇಲೆ ಅಂತ ಈ ಅಂಕಣದಲ್ಲಿ ಎಷ್ಟು ಸಲ ಹೇಳಿದೀನೋ.

ಹಾಗಾಗಿ ಒಂದೇ ಕೆಲಸ. ಪಿಗ್ಮಿ ಮುರಿ, ಪೂರ್ತಿ ಕಾರ್ಡಿಗೆ ಹಾಕು. ಅವಧಿ ಮುಂಚೆ ಅಂತ ಬಡ್ಡಿ ಕೊಡದೇ ಇರಬಹುದು, ಸ್ವಲ್ಪ ಹಿಡ್ಕೊಳ್ಳಲೂಬಹುದು, ಹಿಡ್ಕೊಳ್ಲಿ. ಉಳಿಯೋದು 48,000 ಚಿಲ್ಲರೆ. ಆಮೇಲೆ ತಿಂಗಳ 7,000ದ ಜೊತೆ ಪಿಗ್ಮಿಗೆ ಹೋಗ್ತಿದ್ದ 6,000ನೂ ಕಾರ್ಡಿಗೇ ಹಾಕ್ತಾ ಹೋಗು, ಕಾರ್ಡ್ ಮತ್ತೆ ಉಜ್ಜದಿದ್ರೆ ಐದನೇ ತಿಂಗ್ಳಿಗೆ ಚುಕ್ತಾ. ಮಧ್ಯೆ ಏನಾದ್ರೂ ಕಷ್ಟ ಬಂದ್ರೆ ಅಂತೀಯ, ಬ್ಯಾಂಕಲ್ಲಿ ಬಳೆ ಇಟ್ರೂ ಬಡ್ಡಿ ಕಾರ್ಡಿನ ಕಾಲು ಭಾಗದಷ್ಟು ಬೀಳಬಹುದು.

ಪಿಗ್ಮಿಯವ್ರಿಗೆ ಹೇಳು, ಐದು ತಿಂಗಳು ಬಿಟ್ಟು ಬನ್ನಿ, 200 ಅಲ್ಲ 400 ಕಟ್ತೀನಿ ಅಂತ. ಚಾ ಕುಡಿಸಿ ಹೇಳು. ಪಾಸ್‌ಬುಕ್ ತಗೊಂಡು ಸೋಮವಾರ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ಬಾ, ಗಿರಾಕಿ ಬಂದು ಕೂತ್ರೆ ನೀನು ಏಳೋದಿಲ್ಲ ಅಂತ ಗೊತ್ತು ನನಗೆ.