ಶಿಲುಬೆ ಹೊರುವುದೆಂದರೆ ಬಾಯಿ ಮುಚ್ಚಿಕೊಂಡಿರುವುದೇ?

ಓದುಗರೊಬ್ಬರ ಪತ್ರದ ಸಾರಾಂಶ: ನಾನು ಸಿದ್ಧಪಡಿಸುವ ವರದಿಗಳನ್ನು ನನ್ನ ಮೇಲಧಿಕಾರಿ ಹಲವು ಕಾಲದಿಂದ ತಮ್ಮದೆಂದೇ ಮುಂದಿಡುತ್ತಿದ್ದಾರೆ. ನನ್ನ ಜೊತೆ ದುಡಿಯುವ ಇಬ್ಬರು ಕಿರಿಯರಿಗೂ ಇದರಿಂದ ಬಡ್ತಿ ತಪ್ಪಿದೆ. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರಲ್ಲಿ ಹೇಳಿಕೊಂಡಾಗ, “ಇದು ನಿನ್ನ ಶಿಲುಬೆಯಮ್ಮಾ, ಸುಮ್ಮನೆ ಹೊತ್ತುಕೋ” ಎಂದರು. ಬೈಬಲಿನ ಜ್ಞಾನೋಕ್ತಿಗಳನ್ನು ತೆರೆದರೆ, ಮೂಢನಿಗೆ ಉತ್ತರ ಕೊಡಬೇಡ ಎಂದು ಒಂದು ವಚನ, ಉತ್ತರ ಕೊಡು ಎಂದು ಅದರ ಮರುವಚನ. ಯಾವುದನ್ನು ಅನುಸರಿಸಲಿ? ಕ್ಷಮಿಸಿದ ಮೇಲೂ ದೂರು ಕೊಡುವುದು ಕ್ರಿಸ್ತನನ್ನು ಹಿಂಬಾಲಿಸುವವಳಿಗೆ ತಕ್ಕದ್ದೇ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಸಭೆಯ ಹಿರಿಯರು ಆ ಮಾತನ್ನು ನಿಮ್ಮ ಮೇಲಿನ ಕಾಳಜಿಯಿಂದಲೇ ಆಡಿದ್ದಾರೆಂದು ನಾನು ನಂಬುತ್ತೇನೆ. ಆದರೂ ಆ ಮಾತು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ನನ್ನನ್ನು ಹಿಂಬಾಲಿಸಲು ಯಾರಿಗೆ ಮನಸ್ಸಿದೆಯೋ ಅವರು ಪ್ರತಿದಿನ ತಮ್ಮ ಶಿಲುಬೆಯನ್ನು ಹೊತ್ತುಕೊಂಡು ಬರಲಿ ಎಂದು ಯೇಸು ಹೇಳಿದ್ದನ್ನು ಲೂಕನು ತನ್ನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಆ ಕರೆಯಲ್ಲಿ ಹೊರುವವನ ಮನಸ್ಸು ಮೊದಲು ಬರುತ್ತದೆ, ಭಾರ ಆಮೇಲೆ. ತನ್ನ ಪ್ರಾಣವನ್ನು ಯಾರೂ ತನ್ನಿಂದ ಕಿತ್ತುಕೊಳ್ಳುವುದಿಲ್ಲ, ತಾನಾಗಿಯೇ ಅದನ್ನು ಕೊಡುತ್ತೇನೆ ಎಂದು ಆತನು ಯೋಹಾನನ ಸುವಾರ್ತೆಯಲ್ಲಿ ಹೇಳುವುದೂ ಇದನ್ನೇ. ಹೀಗಿರುವಾಗ ಒಬ್ಬರು ಮತ್ತೊಬ್ಬರ ಹೆಗಲನ್ನು ತೋರಿಸಿ “ಇದು ನಿನ್ನ ಶಿಲುಬೆ” ಎಂದು ತೀರ್ಮಾನ ಕೊಡುವ ಅಧಿಕಾರ ಎಲ್ಲಿಂದ ಬಂತು? ಸುವಾರ್ತೆಗಳಲ್ಲಿ ಹಾಗೆ ಶಿಲುಬೆಯನ್ನು ಬೇರೊಬ್ಬನ ಮೇಲೆ ಬಲವಂತವಾಗಿ ಹೊರಿಸಿದ ಒಂದೇ ಪ್ರಸಂಗವಿದೆ. ದಾರಿಹೋಕನಾಗಿದ್ದ ಕುರೇನ್ಯದ ಸೀಮೋನನ ಮೇಲೆ ಯೇಸುವಿನ ಶಿಲುಬೆಯನ್ನು ಹೊರಿಸಿದವರು ಸೈನಿಕರು.

ಸೈನಿಕರ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರೋಮನ್ನರು ಶಿಲುಬೆಯ ಶಿಕ್ಷೆಯನ್ನು ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದರು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ನೇತೃತ್ವದ ಗುಲಾಮರ ದಂಗೆಯನ್ನು ಅಡಗಿಸಿದ ಮೇಲೆ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಪುವಾದಿಂದ ರೋಮಿನವರೆಗಿನ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರು. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಅದಕ್ಕೆ ಹೆದ್ದಾರಿ ಬೇಕಿರಲಿಲ್ಲ. ಉಳಿದವರು ನೋಡಿ ಬಾಯಿ ಮುಚ್ಚಿಕೊಳ್ಳಬೇಕಾಗಿತ್ತು. ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಪತಿ ಪಿಲಾತನ ಕೈಯಲ್ಲಿದ್ದುದೂ ಇದೇ ಆಯುಧ. ಅನ್ಯಾಯವನ್ನು ಕಂಡವರಿಗೆ ಶಿಲುಬೆಯನ್ನು ತೋರಿಸಿ ಸುಮ್ಮನಿರು ಎನ್ನುವವರು ತಮಗೆ ತಿಳಿಯದಂತೆಯೇ ಅದನ್ನು ರೋಮನ್ನರ ಅರ್ಥದಲ್ಲಿ ಬಳಸುತ್ತಿದ್ದಾರೆ, ಕ್ರಿಸ್ತನ ಅರ್ಥದಲ್ಲಲ್ಲ. ಇದು ಕಟುವಾಗಿ ಕೇಳಿಸಬಹುದೆಂಬ ಅರಿವು ನನಗಿದೆ. ಆದರೆ ಈ ಬಗೆಯ ಉಪದೇಶವನ್ನು ಹೆಚ್ಚಾಗಿ ಕೇಳಬೇಕಾಗಿ ಬರುವುದು ಅಧಿಕಾರವಿಲ್ಲದವರಿಗೇ ಎಂಬುದನ್ನು ಮರೆತು ಮೃದುವಾಗಿ ಬರೆಯುವುದು ನನಗೆ ಸಾಧ್ಯವಿಲ್ಲ.

ಈಗ ಜ್ಞಾನೋಕ್ತಿಗಳ 26ನೆಯ ಅಧ್ಯಾಯದ ಆ ಎರಡು ವಚನಗಳಿಗೆ ಬರೋಣ. ಉತ್ತರ ಕೊಟ್ಟರೆ ನೀನೂ ಅವನಂತೆಯೇ ಆಗುವೆ ಎಂದು ನಾಲ್ಕನೆಯ ವಚನ ಎಚ್ಚರಿಸುತ್ತದೆ. ಕೊಡದಿದ್ದರೆ ಅವನು ತನ್ನನ್ನು ತಾನೇ ಜ್ಞಾನಿಯೆಂದು ಎಣಿಸಿಕೊಳ್ಳುವನು ಎಂದು ಐದನೆಯದು. ಇವುಗಳನ್ನು ಸಂಗ್ರಹಿಸಿದವರು ಬೇಕೆಂದೇ ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಎರಡೂ ನಿಜ, ಎದುರಿಗಿರುವವರು ಯಾರು, ನಿಮ್ಮ ಮಾತಿನಿಂದ ಏನಾಗುವುದು ಎಂಬುದನ್ನು ನೋಡಿ ಆರಿಸಿಕೊಳ್ಳುವ ಹೊಣೆ ನಿಮ್ಮದು. ಹಾಗೆ ಆರಿಸಿಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ಯೇಸುವಿನ ಬಂಧನದ ರಾತ್ರಿಯಿಂದ ಮರುದಿನದ ವಿಚಾರಣೆಯವರೆಗಿನ ಘಟನೆಗಳನ್ನು ಈ ಎರಡು ವಚನಗಳ ಬೆಳಕಿನಲ್ಲಿ ಓದಬೇಕೆಂದು ನನಗೆ ಅನ್ನಿಸುತ್ತದೆ. ಗಲಿಲಾಯದ ಅರಸನಾದ ಹೆರೋದನು ಆತನನ್ನು ಬಹಳವಾಗಿ ಪ್ರಶ್ನಿಸಿದನು, ಆತನು ಒಂದಕ್ಕೂ ಉತ್ತರ ಕೊಡಲಿಲ್ಲ. ಏಕೆಂದರೆ ಹೆರೋದನಿಗೆ ಬೇಕಿದ್ದುದು ಸತ್ಯವಲ್ಲ, ಕಣ್ಣಿಗೆ ಹಬ್ಬವಾಗುವ ಒಂದು ಸೂಚಕಕಾರ್ಯ, ಅಂದರೆ ಪವಾಡ. ಆದರೆ ಮಹಾಯಾಜಕನ ಮಾವನಾದ ಅನ್ನನ ಮುಂದೆ ನಡೆದ ವಿಚಾರಣೆಯಲ್ಲಿ ಹತ್ತಿರ ನಿಂತಿದ್ದ ಕಾವಲಿನ ಓಲೇಕಾರನು ಕೆನ್ನೆಗೆ ಹೊಡೆದಾಗ ಆತನು ಸುಮ್ಮನಿರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಅದನ್ನು ತೋರಿಸಿಕೊಡು, ಸರಿಯಾಗಿ ಮಾತಾಡಿದ್ದರೆ ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದನು. ನಿನ್ನನ್ನು ಬಿಡಿಸುವ ಅಧಿಕಾರವೂ ಶಿಲುಬೆಗೆ ಹಾಕಿಸುವ ಅಧಿಕಾರವೂ ನನಗಿದೆ ಎಂದು ಪಿಲಾತನು ಗದರಿಸಿದಾಗ, ಆ ಅಧಿಕಾರವು ನಿನಗೆ ಮೇಲಿನಿಂದ ಕೊಡಲ್ಪಟ್ಟದ್ದು ಎಂದು ನೆನಪಿಸಿದನು. ಇನ್ನೊಂದು ಕೆನ್ನೆಯನ್ನು ತೋರಿಸೆಂದು ಬೋಧಿಸಿದವನೇ ತನ್ನ ಕೆನ್ನೆಗೆ ಏಟು ಬಿದ್ದಾಗ ತಿರುಗಿ ಹೊಡೆಯಲಿಲ್ಲ, ಬೈಯಲಿಲ್ಲ, ಆದರೆ ಲೆಕ್ಕ ಕೇಳಿದನು. ಗುಡ್‌ಫ್ರೈಡೆಯ ಪ್ರಸಂಗಗಳಲ್ಲಿ ಆತನ ಮೌನವನ್ನು ಎಷ್ಟು ವಿವರವಾಗಿ ಹೇಳುತ್ತೇವೆಯೋ, ಈ ಪ್ರಶ್ನೆಯನ್ನು ಅಷ್ಟೇ ಬೇಗ ದಾಟಿಹೋಗುತ್ತೇವೆ.

ಯಾರಾದರೂ ನಿಮಗೆ ಪೇತ್ರನ ಮೊದಲನೆಯ ಪತ್ರದ ಎರಡನೆಯ ಅಧ್ಯಾಯವನ್ನು ಓದಿ ಹೇಳಬಹುದು. ಅನ್ಯಾಯವಾಗಿ ಬಾಧೆಪಡುವವರು ಕ್ರಿಸ್ತನ ಮಾದರಿಯನ್ನು ನೋಡಿ ತಾಳಿಕೊಳ್ಳಲಿ ಎಂಬ ಮಾತು ಅಲ್ಲಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಮಾತು ಮನೆಗೆಲಸದ ದಾಸರನ್ನು ಉದ್ದೇಶಿಸಿದ್ದು. ಯಜಮಾನನ ವಿರುದ್ಧ ಅವರು ನಂಬಿಕೊಳ್ಳಬಹುದಾದ ನ್ಯಾಯಸ್ಥಾನ ಇಲ್ಲವೆಂಬಷ್ಟು ಅಪರೂಪವಾಗಿತ್ತು. ದಾರಿ ಇದ್ದವರು ಏನು ಮಾಡಿದರೆಂಬುದಕ್ಕೆ ಅಪೊಸ್ತಲರ ಕೃತ್ಯಗಳನ್ನು ನೋಡಿ. ಫಿಲಿಪ್ಪಿಯಲ್ಲಿ ಅಪೊಸ್ತಲ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ವಿಚಾರಣೆಯಿಲ್ಲದೆ ಚಡಿಯೇಟು ಕೊಟ್ಟ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳುಹಿಸಲು ನೋಡಿದಾಗ, ರೋಮಾಪುರದ ಪೌರತ್ವದ ಹಕ್ಕುಳ್ಳವರಾದ ನಮ್ಮನ್ನು ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪೌಲನು ಪಟ್ಟುಹಿಡಿದನು. ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಕಟ್ಟಿದಾಗ ಅದೇ ಹಕ್ಕನ್ನು ಮುಂದಿಟ್ಟನು, ಕೈಸರೈಯದಲ್ಲಿ ಚಕ್ರವರ್ತಿಗೇ ಮನವಿ ಮಾಡಿಕೊಂಡನು. ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನನ್ನಲ್ಲದೆ ಬೇರೆ ಯಾವುದನ್ನೂ ಅರಿಯದವನಾಗಿರಲು ತೀರ್ಮಾನಿಸಿದೆನೆಂದು ಕೊರಿಂಥದವರಿಗೆ ಬರೆದವನು ಇದೇ ಪೌಲನು.

ಹಾಗಾದರೆ ನಿಮ್ಮ ವಿಷಯದಲ್ಲಿ ಶಿಲುಬೆ ಎಲ್ಲಿದೆ? ಸುಮ್ಮನಿದ್ದರೆ ನಿಮಗೆ ಬೇಸರವಾಗುತ್ತದೆ, ಆದರೆ ಕೆಲಸ ಉಳಿಯುತ್ತದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಮಾತಾಡಿದರೆ ಮೇಲಧಿಕಾರಿಯ ವಿಶ್ವಾಸ ತಪ್ಪಬಹುದು, ಕಚೇರಿಯಲ್ಲಿ ಒಂಟಿಯಾಗಬೇಕಾಗಬಹುದು. ಸತ್ಯದ ಸಲುವಾಗಿ, ಇನ್ನೊಬ್ಬರ ಸಲುವಾಗಿ ತೆರಬೇಕಾದ ಬೆಲೆಯು ಯಾವ ಕಡೆಗಿದೆಯೋ ಶಿಲುಬೆಯೂ ಆ ಕಡೆಗೇ ಇರುತ್ತದೆ. ನಿಮ್ಮ ಪತ್ರವನ್ನು ಓದಿದರೆ ಅದು ಮಾತಾಡುವ ಕಡೆಗಿದೆ ಎಂದೇ ನನಗೆ ತೋರುತ್ತದೆ.

ಒಂದು ಎಚ್ಚರಿಕೆಯನ್ನೂ ಇದರೊಂದಿಗೆ ಹೇಳಬೇಕು. ಪ್ರಶ್ನೆಯು ನಿಮ್ಮ ಹೆಸರಿನದ್ದಷ್ಟೇ ಆಗಿದ್ದರೆ, ಅದನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ನಿಮಗಿತ್ತು. ತನ್ನನ್ನು ಬರಿದುಮಾಡಿಕೊಂಡ ಕ್ರಿಸ್ತನ ಮನಸ್ಸನ್ನು ಕುರಿತು ಫಿಲಿಪ್ಪಿಯವರಿಗೆ ಬರೆದ ಪತ್ರವು ಹೇಳುವುದನ್ನು ನೆನೆದು, ಹೊಗಳಿಕೆ ಯಾರಿಗಾದರೂ ಹೋಗಲಿ ಎಂದು ನೀವು ಮನಸಾರೆ ನಿರ್ಧರಿಸಿದ್ದರೆ ಅದನ್ನು ನಾನು ಗೌರವಿಸುತ್ತಿದ್ದೆ. ಆದರೆ ಆ ಇಬ್ಬರು ಕಿರಿಯರ ಬಡ್ತಿಯನ್ನು ಬಿಟ್ಟುಕೊಡುವ ಹಕ್ಕು ನಿಮಗಿಲ್ಲ. ತಮಗಾಗಿ ಮಾತಾಡಲಾರದವರ ಪಕ್ಷವಾಗಿ ಬಾಯಿ ತೆರೆ ಎಂದು ಜ್ಞಾನೋಕ್ತಿಗಳ ಕೊನೆಯ ಅಧ್ಯಾಯವು ಅಪ್ಪಣೆ ಕೊಡುತ್ತದೆ. ನಿಮ್ಮ ದೂರಿನಲ್ಲಿ ಅವರ ನಷ್ಟವು ಎಷ್ಟು, ನಿಮ್ಮ ನೋವು ಎಷ್ಟು ಎಂಬುದನ್ನು ಪ್ರಾರ್ಥನೆಯಲ್ಲಿ ಕುಳಿತು ಬೇರ್ಪಡಿಸಿ ನೋಡಿ. ಎರಡೂ ಬೆರೆತಿದ್ದರೆ ಆಶ್ಚರ್ಯವಿಲ್ಲ, ಅದಕ್ಕಾಗಿ ಹಿಂಜರಿಯಬೇಕಾಗಿಯೂ ಇಲ್ಲ.

ಮಾತಾಡುವ ರೀತಿಗೆ ಜ್ಞಾನೋಕ್ತಿಗಳೇ ಸಾಕು. ಮೃದುವಾದ ಉತ್ತರ ಸಿಟ್ಟನ್ನು ಆರಿಸುತ್ತದೆ ಎಂದು 15ನೆಯ ಅಧ್ಯಾಯದ ಆರಂಭದಲ್ಲಿಯೇ ಇದೆ. ವ್ಯಾಜ್ಯದಲ್ಲಿ ಮೊದಲು ಮಾತಾಡಿದವನು ನ್ಯಾಯವಂತನಾಗಿ ಕಾಣುತ್ತಾನೆ, ಪ್ರತಿವಾದಿ ಬಂದ ಮೇಲೆ ಅವನ ಪರೀಕ್ಷೆಯಾಗುತ್ತದೆ ಎಂಬ 18ನೆಯ ಅಧ್ಯಾಯದ ಮಾತನ್ನು ನೀವು ನಿಮಗೇ ಅನ್ವಯಿಸಿಕೊಳ್ಳಬೇಕು: ಯಾವ ವರದಿಯನ್ನು ಯಾರು, ಯಾವಾಗ ಬರೆದರೆಂಬ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ, ನಿಮ್ಮ ಮೇಲಧಿಕಾರಿಗೆ ಹೇಳಲು ಏನಿದೆಯೆಂಬುದನ್ನೂ ಪೂರ್ತಿ ಕೇಳಿ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮವು ಸಭೆಯೊಳಗಿನ ಸಹೋದರರಿಗೆ ಹೇಳಿದ್ದಾದರೂ, ಮೊದಲು ಇಬ್ಬರೇ ಇರುವಾಗ ಮಾತಾಡುವುದು, ಫಲವಾಗದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗಳಾಗಿ ಕರೆದುಕೊಂಡು ಹೋಗುವುದು ಕಚೇರಿಗೂ ಒಪ್ಪುತ್ತದೆ.

ಉಳಿದದ್ದು ಕ್ಷಮೆ. ತಂದೆಯೇ, ಇವರಿಗೆ ಕ್ಷಮಿಸು ಎಂದು ಯೇಸು ಬೇಡಿಕೊಂಡಾಗ, ಅವರು ಮಾಡುತ್ತಿದ್ದುದನ್ನು ಸರಿಯೆಂದು ಒಪ್ಪಲಿಲ್ಲ. ತಪ್ಪಲ್ಲದ್ದಕ್ಕೆ ಕ್ಷಮೆ ಬೇಕಾಗುವುದೇ ಇಲ್ಲ. ಅದೇ ಶಿಲುಬೆಯ ಮೇಲಿನಿಂದ ಆತನು 22ನೆಯ ಕೀರ್ತನೆಯ ಮೊದಲ ಸಾಲನ್ನು ಕೂಗಿ, ನನ್ನನ್ನು ಏಕೆ ಕೈಬಿಟ್ಟಿದ್ದೀ ಎಂದು ದೇವರನ್ನೇ ಕೇಳಿದನು. ಆದ್ದರಿಂದ ಕ್ಷಮಿಸಿದ ಮನಸ್ಸಿನಿಂದಲೇ ದೂರನ್ನು ಬರೆಯಬಹುದು. ಆ ವ್ಯಕ್ತಿ ಹಾಳಾಗಲಿ ಎಂಬ ಬಯಕೆ ನಿಮ್ಮಲ್ಲಿಲ್ಲದಿದ್ದರೆ, ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದರೆ, ಅದನ್ನು ಸಲ್ಲಿಸುವುದಕ್ಕೆ ನೀವು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಆದರೆ ಸಲ್ಲಿಸುವ ಮೊದಲು ಆ ಇಬ್ಬರು ಕಿರಿಯರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಅವರ ಹೆಸರುಗಳನ್ನು ಸೇರಿಸಿ.

— ಸಂಪಾದಕ