ಸ್ಲೀವ್ ಜಾರುತ್ತದೆ, ಇಲ್ಲವೇ ಸೀಳುತ್ತದೆ. ಟೇಪೇ ವಾಸಿಯಾ?

ಪ್ರಶ್ನೆ: ತೋಟದ ಮನೆಗೆ 12 ವೋಲ್ಟ್ ಬ್ಯಾಟರಿಯಿಂದ ಎಲ್‌ಇಡಿ ದೀಪ ಹಾಕುತ್ತಿದ್ದೇನೆ. ವೈರ್ 1.5 ಸ್ಕ್ವೇರ್ ಎಂಎಂ. ಜಾಯಿಂಟ್ ಸೋಲ್ಡರ್ ಮಾಡಿ, 8 ಎಂಎಂ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಲೈಟರ್‌ನಲ್ಲಿ ಕಾಯಿಸುತ್ತೇನೆ. ಕೆಲವು ಜಾರುತ್ತವೆ, ಕೆಲವು ಸೀಳುತ್ತವೆ. ಇದಕ್ಕಿಂತ ಟೇಪ್ ಸುತ್ತುವುದೇ ವಾಸಿಯಾ?

ಉತ್ತರ: ಬೇಡ. ಬಿಸಿಲಿಗೆ ಟೇಪಿನ ಅಂಟು ಕರಗಿ ಕೈಗೆಲ್ಲ ಮೆತ್ತಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ.

ಜಾರುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಅಂಗಡಿಯಲ್ಲಿ ಸುಮ್ನೆ ಸ್ಲೀವ್ ಕೊಡಿ ಅಂದರೆ ಸಾಮಾನ್ಯವಾಗಿ ಸಿಗುವುದು 2:1, ಅಂದರೆ ಪೂರ್ತಿ ಕುಗ್ಗಿದಾಗ ಅಡ್ಡಳತೆ ಅರ್ಧ. 8 ಇದ್ದದ್ದು 4ಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಅಷ್ಟೇ. ನಿಮ್ಮ ವೈರ್ ಇನ್ಸುಲೇಶನ್ ಸೇರಿ ಸುಮಾರು 3 ಎಂಎಂ. ಇನ್ನು ಹಿಡಿಯುವುದು ಹೇಗೆ? 4 ಎಂಎಂ ತನ್ನಿ, ಜಾಯಿಂಟ್ ಉಬ್ಬಿದ್ದರೆ 5.

ಬಿಗಿಯಾಗಲಿಲ್ಲ ಅಂತ ಮತ್ತೆ ಮತ್ತೆ ಕಾಯಿಸಿದ್ದೀರಿ, ಅಲ್ವಾ? ಸೀಳಿದ್ದು ಬಹುಶಃ ಅದಕ್ಕೇ. ಮಾಮೂಲಿ ಪಾಲಿಓಲೆಫಿನ್ ಪ್ಲಾಸ್ಟಿಕ್ಕಿನ ಸ್ಲೀವ್ ಕುಗ್ಗಲು 120 ಡಿಗ್ರಿ ಆಸುಪಾಸು ಸಾಕು, ಲೈಟರ್ ಬೆಂಕಿ ಸಾವಿರ ದಾಟುತ್ತದೆ. ಒಂದು ಪಕ್ಕ ಸುಟ್ಟು ಮಸಿ ಹಿಡಿಯುವಷ್ಟರಲ್ಲಿ ಇನ್ನೊಂದು ಪಕ್ಕ ಹಾಗೇ ಇರುತ್ತದೆ. ಹಾಟ್ ಏರ್ ಗನ್ ಸಿಕ್ಕರೆ ಒಳ್ಳೆಯದು. ಮಧ್ಯದಿಂದ ಶುರು ಮಾಡಿ, ವೈರ್ ತಿರುಗಿಸುತ್ತಾ ತುದಿಗಳ ಕಡೆ ಹೋಗಿ, ಆಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಲೈಟರೇ ಗತಿ ಅಂದರೆ ಬೆಂಕಿ ತಾಗಿಸಬೇಡಿ, ದೂರದಿಂದ ಶಾಖ ಮಾತ್ರ ಕೊಡಿ.

ಇನ್ನೊಂದು ಅನುಮಾನ ಸೋಲ್ಡರ್ ಮೇಲೆ. ಮುಳ್ಳಿನ ಹಾಗೆ ಎದ್ದ ತುದಿ ಇದ್ದರೆ, ಸ್ಲೀವ್ ಬಿಗಿಯಾಗುತ್ತಾ ಅದೇ ಚುಚ್ಚಿ ತೂತು ಮಾಡುತ್ತದೆ. ಸ್ಲೀವ್ ಕತ್ತರಿಸುವಾಗ ಅಂಚಿನಲ್ಲಿ ಸಣ್ಣ ಗೀರು ಬಿದ್ದರೂ ಸೀಳು ಅಲ್ಲಿಂದಲೇ ಹೊರಡುತ್ತದೆ.

ಪ್ಲಸ್, ಮೈನಸ್ ಜಾಯಿಂಟ್‌ಗಳನ್ನು ಎದುರುಬದುರು ಮಾಡಬೇಡಿ. ಎರಡು-ಮೂರು ಸೆಂಟಿಮೀಟರ್ ಹಿಂದೆ ಮುಂದೆ ಇರಲಿ, ಸ್ಲೀವ್ ಕೈಕೊಟ್ಟರೂ ಶಾರ್ಟ್ ಆಗುವುದಿಲ್ಲ. ಸ್ಲೀವ್ ಉದ್ದಕ್ಕೂ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಎರಡೂ ಕಡೆ ಇನ್ಸುಲೇಶನ್ ಮೇಲೆ ಒಂದೊಂದು ಸೆಂಟಿಮೀಟರ್ ಬರುವಷ್ಟು ಉದ್ದ ಬಿಡಿ.

ಮಳೆಗೆ ಒದ್ದೆಯಾಗುವ ಜಾಗಕ್ಕೆ ಒಳಗಡೆ ಅಂಟು ಇರುವ 3:1 ಸ್ಲೀವ್ ಕೇಳಿ. ಬೆಲೆ ಜಾಸ್ತಿ, ಆದರೆ ಮಾಮೂಲಿ ಸ್ಲೀವ್ ನೀರು ತಡೆಯುವುದಿಲ್ಲ. ಎರಡೂ ತುದಿಯಲ್ಲಿ ಅಂಟು ಉಂಗುರದ ಹಾಗೆ ಹೊರಬಂದರೆ ಕೂತಿದೆ ಅಂತ ಅರ್ಥ.

ಮತ್ತೆ, ಸೋಲ್ಡರ್ ಮಾಡುವ ಮೊದಲೇ ಸ್ಲೀವ್ ವೈರಿಗೆ ತೂರಿಸಿ ಆದಷ್ಟು ದೂರ ಸರಿಸಿಡಿ, ಹತ್ತಿರ ಇದ್ದರೆ ಸೋಲ್ಡರಿಂಗ್ ಬಿಸಿಗೆ ಅಲ್ಲೇ ಕುಗ್ಗಿ ಕೂರುತ್ತದೆ. ತೂರಿಸುವುದನ್ನೇ ಮರೆತು, ಚೆಂದದ ಜಾಯಿಂಟ್ ಬಿಚ್ಚುವ ಕೆಲಸ ನಾನು ಈಗಲೂ ಆಗಾಗ ಮಾಡುತ್ತೇನೆ.