ಕಾಯಿ ಎದ್ದು ನಿಂತಲ್ಲೆಲ್ಲ ನೀರಿದೆಯೇ?

ಮಂಡ್ಯ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಪಕ್ಕದ ಹೊಲದವರು ತೆಂಗಿನಕಾಯಿ ಹಿಡಿದು ನೀರು ನೋಡುವವರಿಂದ ಪಾಯಿಂಟ್ ಮಾಡಿಸಿದರು, ಬೋರಲ್ಲಿ ನೀರು ಬಂತು. ನಾವೂ ಅವರನ್ನೇ ಕರೆಸೋಣ ಅಂತ ನಮ್ಮಣ್ಣ ಹಟ ಹಿಡಿದು ಕೂತಿದ್ದಾನೆ. ನನಗೆ ನಂಬಿಕೆಯಿಲ್ಲ. ಮಾತಿಗೆ ಕೂತರೆ ಜಗಳವಾಗುತ್ತೆ. ಇಂಥದ್ದನ್ನು ಸರಿಯಾಗಿ ಯೋಚಿಸೋದು ಹೇಗೆ?”

ಇದಕ್ಕೆ ನಮ್ಮ ಹಳೆಯ ತರ್ಕವಿದ್ಯೆಯಾದ ನ್ಯಾಯಶಾಸ್ತ್ರದಲ್ಲಿ ಒಳ್ಳೆಯ ನೆರವಿದೆ. ಮೊದಲು ಅಣ್ಣನವರ ವಾದವನ್ನು ಬಿಡಿಸಿ ಹಾಳೆಯ ಮೇಲೆ ಬರೆಯಿರಿ. ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು: ಇಲ್ಲಿ ಕೊರೆದರೆ ನೀರು ಬರುತ್ತದೆ. ಹೇತು, ಅಂದರೆ ಅದಕ್ಕೆ ಕೊಡುವ ಕಾರಣ: ಅಂಗೈಯಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಉದಾಹರಣೆ: ಪಕ್ಕದ ಹೊಲ. ಇವನ್ನು ಕಟ್ಟಿರುವ ನಿಯಮವೊಂದಿದೆ, ಅದು ಯಾರ ಬಾಯಲ್ಲೂ ಬಂದಿರುವುದಿಲ್ಲ: ‘ಕಾಯಿ ಎದ್ದಲ್ಲೆಲ್ಲ ನೀರಿರುತ್ತದೆ’. ಇಂಥ ನಿಯಮಕ್ಕೆ ನ್ಯಾಯಶಾಸ್ತ್ರದಲ್ಲಿ ವ್ಯಾಪ್ತಿ ಎಂದು ಹೆಸರು. ಚರ್ಚೆ ಆಗಬೇಕಾದ್ದು ಇದರ ಮೇಲೆ; ಆಗುವುದು ಅಣ್ಣನ ನಂಬಿಕೆ, ತಮ್ಮನ ಓದಿನ ಮೇಲೆ.

ಪರೀಕ್ಷಿಸಲು ನಾಲ್ಕು ಮನೆ ಗೀಚಿ: ಕಾಯಿ ತೋರಿಸಿ ನೀರು ಬಂದದ್ದು, ತೋರಿಸಿಯೂ ಬಾರದ್ದು, ಕಾಯಿಯಿಲ್ಲದೆಯೂ ಬಂದದ್ದು, ಕಾಯಿಯೂ ಇಲ್ಲದೆ ನೀರೂ ಬಾರದ್ದು. ಸುತ್ತ 1 ಕಿಲೋಮೀಟರಿನ ಬೋರ್‌ಗಳನ್ನೆಲ್ಲ ಇದರಲ್ಲಿ ತುಂಬಿ. ಮೊದಲನೆಯ ಮನೆ ತಾನಾಗಿ ತುಂಬುತ್ತದೆ. ಎರಡನೆಯದಕ್ಕೆ ಓಡಾಡಬೇಕು, ಫೇಲಾದ ಬೋರಿನ ಸುದ್ದಿಯನ್ನು ಯಾರೂ ತಾವಾಗಿ ಎತ್ತುವುದಿಲ್ಲ, ಮುಚ್ಚಿದ ಕೇಸಿಂಗ್ ಪೈಪ್ ಕಂಡಲ್ಲಿ ನಿಂತು ವಿಚಾರಿಸಬೇಕು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಪಾಯಿಂಟ್ ಮಾಡಿಸದವರಿಗೂ ಅದೇ ಪ್ರಮಾಣದಲ್ಲಿ ನೀರು ಸಿಕ್ಕಿದ್ದರೆ ಕಾಯಿಯ ಪಾಲೇನು?

ಇಷ್ಟಾದರೂ ಒಂದು ತೊಡಕುಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂಬುದು ಹಸಿ ಸೌದೆಯಿದ್ದರೆ ಮಾತ್ರ ನಿಜ. ಕಾದು ಕೆಂಪಾದ ಕಬ್ಬಿಣದಲ್ಲಿ ಹೊಗೆಯಿಲ್ಲ. ನಿಯಮದ ಹಿಂದೆ ಅಡಗಿ ಕೂತ ಆ ಹಸಿ ಸೌದೆಯಂಥ ಷರತ್ತನ್ನು ತಾರ್ಕಿಕರು ಉಪಾಧಿ ಎಂದರು. ನಿಮ್ಮ ಕಡೆ ಅದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಇರಬಹುದು. ನಾಲೆ, ಕೆರೆಗಳ ಕೆಳಗಿನ ಜಮೀನಿನಲ್ಲಿ ಜಿನುಗು ನೀರಿನಿಂದ ಅಂತರ್ಜಲ ಮೇಲೆಯೇ ಇರುತ್ತದೆ. ದಿಬ್ಬದ ಗಟ್ಟಿ ಕಲ್ಲಿನಲ್ಲಾದರೆ ಬಿರುಕು ಸಿಕ್ಕರಷ್ಟೇ ನೀರು. ಆದ್ದರಿಂದ ಪ್ರತಿ ಬೋರಿನ ಮುಂದೆ ನಾಲೆಗೆಷ್ಟು ದೂರ, ಎಷ್ಟು ಅಡಿ, ಕೊರೆದದ್ದು ಬರದ ವರ್ಷವೋ ಮಳೆಯ ವರ್ಷವೋ ಎಂದೂ ಬರೆಯಿರಿ. ನಾಲೆಬದಿಯ ಬೋರನ್ನು ನಾಲೆಬದಿಯದಕ್ಕೇ ಹೋಲಿಸಿ. ಭೂವಿಜ್ಞಾನಿ ಯಂತ್ರವಿಟ್ಟು ತೋರಿಸಿದ ಪಾಯಿಂಟಿಗೂ ಇದೇ ಪರೀಕ್ಷೆ, ಅವರಿಗೆ ವಿನಾಯಿತಿ ಬೇಡ.

ಇನ್ನು ಜಗಳದ ವಿಷಯ. ನಿಜ ತಿಳಿಯಲು ಆಡುವ ಮಾತು ವಾದ, ಗೆಲ್ಲಲೆಂದೇ ಆಡುವುದು ಜಲ್ಪ. ವಾದದಲ್ಲಿ ಪೂರ್ವಪಕ್ಷ, ಅಂದರೆ ಎದುರಿನವರ ಮಾತು, ಮೊದಲು: ಅಣ್ಣನವರು “ಹೂಂ, ನಾನು ಹೇಳಿದ್ದು ಇದನ್ನೇ” ಅನ್ನುವವರೆಗೆ ಅವರ ಮಾತನ್ನು ನೀವೇ ಹೇಳಿ. ಎಷ್ಟು ಬೋರ್ ಫೇಲಾಗಿದ್ದರೆ ಅವರು ಬಿಡುತ್ತಾರೆ, ಎಷ್ಟು ಸರಿಬಂದಿದ್ದರೆ ನೀವು ಒಪ್ಪುತ್ತೀರಿ ಎಂಬುದನ್ನು ಲೆಕ್ಕ ಶುರುಮಾಡುವ ಮೊದಲೇ ಇಬ್ಬರೂ ಕೂತು ಬರೆದಿಡಿ. ಲೆಕ್ಕ ಕಂಡ ಮೇಲೆ ಬರೆಯಹೊರಟರೆ ಇಬ್ಬರೂ ತಮಗೆ ಬೇಕಾದಲ್ಲಿ ಗೆರೆ ಎಳೆಯುತ್ತೀರಿ.

-ಸಂ.